ಸಣ್ಣ ಕಂಪನ್ಯಾಗ ಕೈಝೆನ್ ಯಾಕ ನಡುವ ನಿಲ್ತದ, ನಿಲ್ಲದಂಗ ಹೆಂಗ ನಡೆಸೋದು

ಪುಣೆದಾಗ ಭೋಸರಿ, ಚಾಕಣ, ತಳೇಗಾಂವ, ರಾಂಜಣಗಾಂವ ಕಡೆ ಕೆಲಸ ಮಾಡೋ ನಮ್ಮ ಮಂದಿ, ಅಂದ್ರ ವಿಜಯಪುರ, ಕಲಬುರಗಿ, ಬಾಗಲಕೋಟಿ, ಬೆಳಗಾವಿ ಕಡೆಯಿಂದ ಬಂದು ಈಗ ಸೆಟ್ಟರ್ (ಹೊಸ ಪಾರ್ಟ್‌ಗ ಮಷಿನ್ ಹೊಂದಿಸೋರು), ಸೂಪರ್‌ವೈಸರ್, ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರೋರು ನನಗ ಪದೇ ಪದೇ ಒಂದ ಪ್ರಶ್ನೆ ಕೇಳ್ತಾರ. "ಅಣ್ಣಾರ, ಕಸ್ಟಮರ್ ಕಡೆಯಿಂದ ಕೈಝೆನ್ ಮಾಡ್ರಿ ಅಂತ ಬಂತು, ಬೋರ್ಡ್ ಹಚ್ಚಿದ್ವಿ, ಎರಡ್ಮೂರು ತಿಂಗಳು ಜೋರ್ ನಡೀತು, ಈಗ ನಿಂತೇ ಹೋಗ್ಯದ, ಜನ ಸಪೋರ್ಟ್ ಕೊಡಂಗಿಲ್ಲ, ಏನ್ ಮಾಡೋದು?" ಒಬ್ಬೊಬ್ಬರಿಗೂ ಫೋನ್ ಮ್ಯಾಲ ಹೇಳೋಕಿಂತ ಒಮ್ಮೆ ಪೂರ್ತಿ ಬರದ ಬಿಡ್ತೀನಿ ಅಂತ ಕೂತೀನಿ.

ಹೊಸಬರಿಗೆ ಮೊದಲ ಶಬ್ದದ ಅರ್ಥ. ಕೈಝೆನ್ ಅಂದ್ರ ಜಪಾನಿ ಭಾಷಾದಾಗ ಕೈ ಅಂದ್ರ ಬದಲಾವಣೆ, ಝೆನ್ ಅಂದ್ರ ಒಳ್ಳೇದು. ದೊಡ್ಡ ಮಷಿನ್ ತಂದು ಒಮ್ಮೆಲೇ ಎಲ್ಲಾ ಬದಲಿ ಮಾಡೋದಲ್ಲ, ಕೆಲಸ ಮಾಡೋ ಮನುಷ್ಯಾನ ತನ್ನ ಕೆಲಸದಾಗ ದಿನಾ ಸಣ್ಣ ಸಣ್ಣ ಸುಧಾರಣೆ ಮಾಡ್ಕೊಂತ ಹೋಗೋದು. ಹನಿ ಹನಿ ಕೂಡಿದ್ರ ಹಳ್ಳ ಅಂತಾರಲ್ಲ ಅದ.

ಇಷ್ಟು ವರ್ಷ ಶಾಪ್‌ಫ್ಲೋರ್ ಮ್ಯಾಲ ನಿಂತು ನನಗ ಗೊತ್ತಾಗಿದ್ದು ಒಂದ ಮಾತು. ಜನ ಸಪೋರ್ಟ್ ಕೊಡಂಗಿಲ್ಲ ಅಂದ್ರ ಅವರಿಗೆ ಹಿಂದ ಎಲ್ಲೋ ಪೆಟ್ಟು ಬಿದ್ದದ ಅಂತ ಅರ್ಥ. ಒಂದೋ ಅವರು ಹೇಳಿದ್ದಕ್ಕ ಯಾರೂ ಉತ್ತರ ಕೊಟ್ಟಿಲ್ಲ, ಇಲ್ಲಾ ಹೇಳಿದ್ದಕ್ಕ ಅವರಿಗೇ ನುಕ್ಸಾನ ಆಗ್ಯದ. ಈ ಎರಡು ಸರಿ ಮಾಡದ ಎಷ್ಟ ಟ್ರೇನಿಂಗ್ ಕೊಟ್ರೂ ಉಪಯೋಗ ಆಗಂಗಿಲ್ಲ. ಅದಕ್ಕ ಕೆಳಗಿನ ಹಂತದಾಗ ಒಂದನೇದು ಮತ್ತ ಐದನೇದು ದಯವಿಟ್ಟು ಜಿಗಿದು ಮುಂದ ಹೋಗಬ್ಯಾಡ್ರಿ.

ಶುರು ಮಾಡೋಕ ಏನೇನು ಬೇಕು

ಭಾಳ ಏನಿಲ್ಲ. ಒಂದು ದಪ್ಪ ನೋಟ್‌ಬುಕ್, ಒಂದು ವೈಟ್‌ಬೋರ್ಡ್, ಮೊಬೈಲ್ (ಅದರಾಗ ಸ್ಟಾಪ್‌ವಾಚ್ ಇದ್ದೇ ಇರ್ತದ), ಕೆಂಪು ರಟ್ಟಿನ ಚೀಟಿ, ನೆಲದ ಮ್ಯಾಲ ಗೆರಿ ಹೊಡಿಯೋ ಪಟ್ಟಿ. ಇದಕ್ಕಿಂತ ಮುಖ್ಯ ಅಂದ್ರ ಮಾಲೀಕರು ವಾರಕ್ಕ ಒಂದು ತಾಸು ಮಷಿನ್ ಹತ್ರ ಬಂದು ನಿಲ್ಲಬೇಕು. ಆ ಒಂದು ತಾಸು ಸಿಗಂಗಿಲ್ಲ ಅಂದ್ರ ಉಳಿದಿದ್ದೆಲ್ಲ ಖರೀದಿ ಮಾಡಬ್ಯಾಡ್ರಿ, ರೊಕ್ಕ ಉಳಸ್ರಿ.

1. ಮೊದಲ ಮಾಲೀಕರ ಬಾಯಿಂದ ಮಾತು ತಗೊಳ್ರಿ

ಯಾವ ಮಾತು? ಈ ಸುಧಾರಣೆಯಿಂದ ಟೈಮ್ ಉಳಿದ್ರ, ಜನ ಉಳಿದ್ರ, ಯಾರನ್ನೂ ಮನೀಗೆ ಕಳಸಂಗಿಲ್ಲ ಅನ್ನೋ ಮಾತು. ಪರ್ಮನೆಂಟ್ ಇರಲಿ, ಠೇಕೇದಾರನ ಕೈಕೆಳಗಿನ ಕಾಮಗಾರ ಇರಲಿ, ಎಲ್ಲರ ಮುಂದ ನಿಂತು ಹೇಳಬೇಕು.

ನಾ ಹಿಂದ ಕೆಲಸ ಮಾಡ್ತಿದ್ದ ಒಂದು ಕಂಪನ್ಯಾಗ ಒಬ್ಬ ಹುಡುಗ ಎರಡು ಮಷಿನ್ ನಡುವ ಪತ್ರಾದ್ದು ಒಂದು ಜಾರುಬಂಡಿ ಮಾಡಸ್ರಿ ಅಂತ ಹೇಳಿದ್ದ, ಜಾಬ್ (ಅಂದ್ರ ಮಷಿನ್ ಮ್ಯಾಲ ತಯಾರಾಗೋ ಪಾರ್ಟ್) ತಾನಾಗೇ ಜಾರಿ ಮುಂದಿನ ಮಷಿನ್‌ಗ ಹೋಗ್ತದ, ಪೆಟ್ಟೂ ಬೀಳಂಗಿಲ್ಲ ಅಂತ. ಭಾಳ ಛಲೋ ಐಡಿಯಾ, ಒಂದು ವಾರದಾಗ ಮಾಡಿದ್ವಿ, ಫೋಟೋ ಹಿಡದು ಬೋರ್ಡ್ ಮ್ಯಾಲ ಹಚ್ಚಿದ್ವಿ. ಮುಂದಿನ ತಿಂಗಳು ಆ ಜಾಬ್ ಎತ್ತಿ ಇಡ್ತಿದ್ದ ಹುಡುಗನ್ನ ಬ್ಯಾಡ ಅಂತ ಠೇಕೇದಾರಗ ಹೇಳಿ ಕಳಿಸಿದ್ರು. ಐಡಿಯಾ ಕೊಟ್ಟವ, ಕೆಲಸ ಕಳಕೊಂಡವ ಇಬ್ಬರೂ ಒಂದ ಖೋಲ್ಯಾಗ ಇರ್ತಿದ್ರು. ಆಮ್ಯಾಲ ಆ ಲೈನ್‌ದಾಗ ಒಂದು ವರ್ಷ ಯಾರೂ ಒಂದು ಸೂಚನಾ ಕೊಡಲಿಲ್ಲ, ಕೊಡ್ರಿ ಅಂತ ಕೇಳೋಕ ನನಗೂ ಬಾಯಿ ಬರಲಿಲ್ಲ.

ಕೈಝೆನ್‌ಗ ಹೆಸರಾದ ಜಪಾನಿ ಕಾರ್ ಕಂಪನಿ ಟೊಯೋಟಾದ ಇತಿಹಾಸ ನೋಡ್ರಿ. 1950ರಾಗ ಆ ಕಂಪನಿ ಮುಳುಗೋ ಹಂತಕ್ಕ ಬಂದಿತ್ತು, ದೊಡ್ಡ ಸಂಪು ಆತು, ಸಾವಿರಕ್ಕಿಂತ ಹೆಚ್ಚು ಜನ ಕೆಲಸ ಬಿಟ್ರು, ಅದರ ಹೊಣಿ ಹೊತ್ತು ಕಂಪನಿ ಕಟ್ಟಿದ ಕಿಇಚಿರೊ ಟೊಯೋಡಾ ಅವರೇ ಅಧ್ಯಕ್ಷ ಸ್ಥಾನ ಬಿಟ್ಟು ಇಳದ್ರು. ಅಲ್ಲಿ ಕಾಮಗಾರರ ಸೂಚನಾ ಪದ್ಧತಿ ಶುರು ಆಗಿದ್ದು ಅದರ ಮರುವರ್ಷ, 1951ರಾಗ. ಉಳಿದ ಜನರ ನೌಕರಿ ಗಟ್ಟಿ ಅದ ಅನ್ನೋ ನಂಬಿಕಿ ಬೆಳಸಿದ ಮ್ಯಾಲೇ ಆ ಪದ್ಧತಿ ಅಲ್ಲಿ ಬೇರು ಬಿಟ್ಟಿದ್ದು. ನಮ್ಮಲ್ಲಿ ಸೂಚನಾ ಡಬ್ಬಿ ಅಷ್ಟ ತರ್ತೀವಿ, ನಂಬಿಕಿ ತರಂಗಿಲ್ಲ.

ಓಟಿ (ಓವರ್‌ಟೈಮ್) ಬಗ್ಗೆನೂ ಬಿಚ್ಚಿ ಮಾತಾಡ್ರಿ. ಕಾಯ್ದೆ ಪ್ರಕಾರ ಓಟಿಗೆ ಡಬಲ್ ರೇಟು, ಎಷ್ಟೋ ಮನಿಯೊಳಗ ಖೋಲಿ ಭಾಡಿಗಿ ಹೋಗೋದು ಆ ಓಟಿ ರೊಕ್ಕದಾಗ. ಕೆಲಸ ಲಗೂ ಮುಗದ್ರ ಓಟಿ ಹೋಗ್ತದ ಅನ್ನೋ ಹೆದರಿಕಿ ಇದ್ದವ ಲಗೂ ಮುಗಿಸೋ ದಾರಿ ಯಾಕ ತೋರಸ್ತಾನ? ಉಳಿತಾಯದಾಗ ಇಷ್ಟು ಪಾಲು ತಂಡಕ್ಕ ಅಂತಾನೋ, ಆರು ತಿಂಗಳು ಓಟಿ ಕಡಿಮಿ ಮಾಡಂಗಿಲ್ಲ ಅಂತಾನೋ, ಏನಾದ್ರೂ ಒಂದು ಲೆಕ್ಕ ಮೊದಲೇ ಹೇಳಿ ಬರದ ಇಡ್ರಿ.

ಎಚ್ಚರಿಕೆ: ಮಾಲೀಕರು ಈ ಮಾತು ಕೊಡೋಕ ತಯಾರಿಲ್ಲ ಅಂದ್ರ ಕೈಝೆನ್ ಅನ್ನೋ ಹೆಸರೇ ಎತ್ತಬ್ಯಾಡ್ರಿ. ಮಂದಿ ಎದುರು ಸುಳ್ಳಾಗೋರು ನೀವು, ಯಾಕಂದ್ರ ಜನ ನಂಬಿರೋದು ನಿಮ್ಮ ಮುಖ ನೋಡಿ.

2. ಒಂದ ಜಾಗಾ ಆರಿಸ್ರಿ

ಪೂರ್ತಿ ಕಂಪನಿಗೆ ಒಮ್ಮೆಲೇ ಶುರು ಮಾಡೋದು ಆರಂಭಶೂರತನ. ಒಂದು ಮಷಿನ್ ಇಲ್ಲಾ ಒಂದು ಲೈನ್ ಸಾಕು. ಆರಿಸೋವಾಗ ಎಲ್ಲಾಕ್ಕಿಂತ ಕೆಟ್ಟ ಪರಿಸ್ಥಿತಿ ಇರೋದನ್ನ ಹಿಡೀಬ್ಯಾಡ್ರಿ, ಅಲ್ಲಿ ತೊಂದರಿ ಹತ್ತು ಇರ್ತಾವ, ಒಂದೂ ಬಗೆಹರಿಯಂಗಿಲ್ಲ. ದಿನಾ ತ್ರಾಸ ಕೊಡೋದು, ಆದ್ರ ನಿಮ್ಮ ಕೈಯಾಗಿನ ಸಾಮಾನಿನಿಂದ ಸರಿ ಆಗೋದು, ಅಂಥಾದ್ದು ನೋಡ್ರಿ. ಅಲ್ಲಿನ ಆಪರೇಟರ್ ಮಾತಾಡೋ ಸ್ವಭಾವದವ ಇದ್ರ ಇನ್ನೂ ಛಲೋ.

ದಿನಾಂಕ ಸೈತ ನೋಡ್ರಿ. ತಿಂಗಳ ಕಡೀ ವಾರ ಡಿಸ್ಪ್ಯಾಚ್ ಗದ್ದಲ, ಆಗ ಬ್ಯಾಡ. ಗಣಪತಿ, ದೀಪಾವಳಿ ಹಿಂದ-ಮುಂದ ಬ್ಯಾಡ, ಅರ್ಧ ಮಂದಿ ಊರಿಗೆ ಹೋಗಿರ್ತಾರ. ತಿಂಗಳ ಮೊದಲನೇ ವಾರ, ಗುರುವಾರದ ವಾರದ ಸೂಟಿ ಮುಗದು ಶುಕ್ರವಾರ ಮುಂಜಾನೆ ಶುರು ಮಾಡಿದ್ರ ನನ್ನ ಅನುಭವದಾಗ ಸರಿ ಕೂಡ್ತದ.

3. ಈಗ ಹೆಂಗ ಅದ ಅಂತ ಬರದ ಇಡ್ರಿ

ಇದನ್ನ ಬಿಡೋರು ಭಾಳ ಮಂದಿ. ಮೂರು ತಿಂಗಳ ಮ್ಯಾಲ ಮಾಲೀಕರು ಏನ್ ಫಾಯ್ದೆ ಆತು ಅಂತ ಕೇಳಿದ್ರ ತೋರಸೋಕ ಏನೂ ಇರಂಗಿಲ್ಲ. ಎರಡು ವಾರ ಸುಮ್ನ ಬರೀರಿ, ಏನೂ ಬದಲಿ ಮಾಡಬ್ಯಾಡ್ರಿ. ಒಂದು ಶಿಫ್ಟ್‌ಗ ಎಷ್ಟು ಪೀಸ್, ಎಷ್ಟು ರಿಜೆಕ್ಷನ್, ಎಷ್ಟು ರೀವರ್ಕ್ (ಅಂದ್ರ ತಪ್ಪಾಗಿದ್ದನ್ನ ಮತ್ತ ತಿದ್ದೋದು), ಮಷಿನ್ ಎಷ್ಟು ನಿಮಿಷ ನಿಂತಿತ್ತು, ಯಾಕ ನಿಂತಿತ್ತು. ಇಷ್ಟ.

ಎಚ್ಚರಿಕೆ: ಈ ಅಂಕಿ ಇಟ್ಕೊಂಡು ಯಾರಿಗೂ ಬೈಯಬ್ಯಾಡ್ರಿ. ಒಮ್ಮೆ ಬೈದ್ರಿ ಅಂದ್ರ ಮರುದಿನದಿಂದ ರಿಜೆಕ್ಷನ್ ಕಾಗದದ ಮ್ಯಾಲ ಕಡಿಮಿ ಆಗ್ತದ, ಜಾಬ್ ಮಾತ್ರ ಸ್ಕ್ರಾಪ್ ಡಬ್ಬಿ ತಳದಾಗ ಮುಚ್ಚಿಟ್ಟಿರ್ತಾರ.

4. ಜಾಗಾ ಹಸನ ಮಾಡ್ರಿ

ಇದಕ್ಕ ಫೈವ್ ಎಸ್ ಅಂತಾರ, ಜಪಾನಿ ಐದು ಶಬ್ದ. ಸೇರಿ ಅಂದ್ರ ಬೇಡಾದ್ದು ತೆಗೆಯೋದು, ಸೇತೊನ್ ಅಂದ್ರ ಬೇಕಾದ್ದಕ್ಕ ಒಂದು ಜಾಗಾ ಗೊತ್ತು ಮಾಡೋದು, ಸೇಸೊ ಅಂದ್ರ ಸ್ವಚ್ಛ ಮಾಡೋದು, ಸೇಕೆತ್ಸು ಅಂದ್ರ ಅದಕ್ಕೊಂದು ಪದ್ಧತಿ ಹಾಕೋದು, ಶಿತ್ಸುಕೆ ಅಂದ್ರ ರೂಢಿ ಮಾಡ್ಕೊಳ್ಳೋದು.

ನಮ್ಮಲ್ಲಿ ಖಂಡೇನವಮಿಗೆ ಮಷಿನ್ ತೊಳದು, ಕೂಲಂಟ್ ಟ್ಯಾಂಕ್ ಖಾಲಿ ಮಾಡಿ, ಮೂಲ್ಯಾಗ ಬಿದ್ದ ಸ್ಪ್ಯಾನರ್ ಸೈತ ಒರಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕ್ತೀವಿ. ಆ ದಿನ ಮಷಿನ್ ಕೆಳಗ ಬಗ್ಗಿ ನೋಡಿದಾಗ ಎಲ್ಲಿಂದ ಎಣ್ಣಿ ಸೋರ್ತದ, ಯಾವ ಬೋಲ್ಟ್ ಸಡ್ಲ ಆಗ್ಯದ ಎಲ್ಲಾ ಕಾಣ್ತದ. ಸ್ವಚ್ಛ ಮಾಡೋದು ಅಂದ್ರ ತಪಾಸಣಿ ಅನ್ನೋದು ಇದಕ್ಕ. ಆ ಹತ್ತು ನಿಮಿಷದ ಬಗ್ಗಿ ನೋಡೋದನ್ನ ದಿನಾ ಶಿಫ್ಟ್ ಶುರುವಿಗೆ ತರಬೇಕು, ಅಷ್ಟ. ಬೇಡಾದ ಸಾಮಾನಿಗೆ ಕೆಂಪು ಚೀಟಿ ಕಟ್ಟಿ ಒಂದು ಮೂಲ್ಯಾಗ ಇಡ್ರಿ, 30 ದಿನ ಯಾರೂ ಕೇಳಲಿಲ್ಲ ಅಂದ್ರ ಸ್ಟೋರ್‌ಗೋ ಭಂಗಾರಕ್ಕೋ (ಗುಜರಿಗೆ) ಕಳಸ್ರಿ.

ಎಚ್ಚರಿಕೆ: ಪೇಂಟ್ ಹಚ್ಚೋದರಾಗ, ಪೋಸ್ಟರ್ ಹಚ್ಚೋದರಾಗ ಎರಡು ತಿಂಗಳು ಕಳೀಬ್ಯಾಡ್ರಿ. ಆಡಿಟ್‌ಗ ಫೋಟೋ ಚಂದ ಬರ್ತದ ಖರೇ, ರಿಜೆಕ್ಷನ್ ಅಷ್ಟ ಇರ್ತದ.

5. ಸೂಚನಾ ಕೇಳ್ರಿ, ಏಳು ದಿನದಾಗ ಉತ್ತರ ಕೊಡ್ರಿ

ಇಲ್ಲೇ ಹೆಚ್ಚಿನ ಕಂಪನಿ ಬೀಳೋದು, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಮೊದಲನೇ ಅಡ್ಡಿ ಭಾಷಾ. ಫಾರ್ಮ್ ಇಂಗ್ಲಿಷ್‌ನ್ಯಾಗ ಇರ್ತದ, ಸಮಸ್ಯೆ, ಮೂಲ ಕಾರಣ, ಪ್ರತಿಕ್ರಮ, ಲಾಭ ಅಂತ ಹತ್ತು ಖಾನೆ. ಲೈನ್ ಮ್ಯಾಲ ಇರೋರು ಯಾರು? ಲಾತೂರ್, ಬೀಡ್ ಕಡೆ ಮರಾಠಿ ಹುಡುಗರು, ಬಿಹಾರ, ಯುಪಿ ಹುಡುಗರು, ಇಂಡಿ-ಸಿಂದಗಿ ಕಡೆ ನಮ್ಮ ಹುಡುಗರು. ಇಪ್ಪತ್ತು ವರ್ಷ ಲೇಥ್ ಮ್ಯಾಲ ನಿಂತವಗ ಜಾಬ್ ಸಪ್ಪಳ ಕೇಳಿ ಇನ್ಸರ್ಟ್ (ಲೋಹ ಕತ್ತರಿಸೋ ತುದಿ) ಸವದದ್ದು ಗೊತ್ತಾಗ್ತದ, ಆದ್ರ ಆ ಫಾರ್ಮ್ ನೋಡಿದ್ರ ಕೈ ನಡಗ್ತದ. ಅವನ ವಿದ್ಯಾ ಆ ಖಾನೆದಾಗ ಹಿಡಿಯಂಗಿಲ್ಲ. ಹಂಗಾಗಿ ಫಾರ್ಮ್ ಬದಿಗಿಡ್ರಿ. ಬಾಯಿಲೆ ಹೇಳಲಿ, ತನಗ ಬರೋ ಭಾಷಾದಾಗ ಹೇಳಲಿ, ಮೊಬೈಲ್‌ದಾಗ ಮಾತಾಡಿ ವಾಯ್ಸ್ ಮೆಸೇಜ್ ಕಳಸಲಿ, ಬರಕೊಳ್ಳೋದು ಸೂಪರ್‌ವೈಸರ್ ಕೆಲಸ. ಬರದ ಮ್ಯಾಲ ಅವಗ ಓದಿ ತೋರಸ್ರಿ, ಹೆಸರು ಅವಂದೇ ಹಾಕ್ರಿ. ಐಡಿಯಾ ಕಾಮಗಾರಂದು, ಮೀಟಿಂಗ್‌ದಾಗ ಹೆಸರು ಎಂಜಿನಿಯರ್‌ಂದು ಅಂತ ಒಮ್ಮೆ ಆದ್ರ ಮುಂದ ಯಾರೂ ಬಾಯಿ ಬಿಡಂಗಿಲ್ಲ.

ಕೇಳೋ ರೀತಿನೂ ಬದಲಿ ಆಗಬೇಕು. "ಏನಾದ್ರೂ ಸಜೆಶನ್ ಅದ ಏನು?" ಅಂತ ಕೇಳಿದ್ರ ಎಲ್ಲರೂ ಇಲ್ಲ ಅಂತಾರ. "ಈ ಕೆಲಸದಾಗ ನಿನಗ ಎಲ್ಲಿ ನಡು ನೋಯ್ತದ? ಯಾವ ಸಾಮಾನು ಹುಡುಕೋಕ ಹೋಗ್ತೀ? ಯಾವ ಕೆಲಸ ಎರಡ್ಸಲ ಮಾಡಬೇಕಾಗ್ತದ?" ಅಂತ ಕೇಳ್ರಿ. ಟೊಯೋಟಾದ ಎಂಜಿನಿಯರ್ ತೈಇಚಿ ಓನೊ ಏಳು ಥರದ ಮುದಾ ಪಟ್ಟಿ ಮಾಡ್ಯಾರ, ಮುದಾ ಅಂದ್ರ ದಂಡ ಹೋಗೋ ಶ್ರಮ: ಬೇಕಾಗಿದ್ದಕ್ಕಿಂತ ಹೆಚ್ಚು ಮಾಡೋದು, ಕಾಯೋದು, ಸುಮ್ನ ಸಾಗಸೋದು, ಬೇಡಾದ ಕೆಲಸ ಮಾಡೋದು, ಮಾಲು ಗುಡ್ಡಿ ಹಾಕೋದು, ಸುಮ್ನ ಓಡಾಡೋದು-ಬಗ್ಗೋದು, ಖರಾಬ್ ಮಾಲು. ಈ ಏಳರ ಹೆಸರು ಯಾರಿಗೂ ಬಾಯಿಪಾಠ ಮಾಡಸಬ್ಯಾಡ್ರಿ, ನೀವು ಪ್ರಶ್ನೆ ಕೇಳೋವಾಗ ತಲಿಯೊಳಗ ಇದ್ರ ಸಾಕು.

ಈಗ ಉತ್ತರದ ಮಾತು. ಪ್ರತಿ ಸೂಚನಾಕ್ಕ ಏಳು ದಿನದೊಳಗ, ಹೇಳಿದವನ ಮಷಿನ್ ಹತ್ರ ಹೋಗಿ, ಮೂರರಾಗ ಒಂದು ಉತ್ತರ: ಮಾಡ್ತೀವಿ, ಈ ತಾರೀಖಿಗೆ. ಇಲ್ಲಾ, ಈಗ ಆಗಂಗಿಲ್ಲ, ಕಾರಣ ಇದು. ಇಲ್ಲಾ, ನೀನೇ ಮಾಡಿ ನೋಡು, ಸಾಮಾನು ನಾವು ಕೊಡ್ತೀವಿ. ಜನಕ್ಕ "ಇಲ್ಲ" ಅನ್ನೋ ಉತ್ತರದಿಂದ ಬ್ಯಾಸರ ಆಗಂಗಿಲ್ಲ, ಕಾರಣ ಹೇಳಿದ್ರ ತಿಳಕೊಳ್ತಾರ. ಏನೂ ಹೇಳದ ಸುಮ್ನ ಇದ್ದಾಗ ಮನಸ್ಸು ಮುರೀತದ. ವೈಟ್‌ಬೋರ್ಡ್ ಮ್ಯಾಲ ನಾಕು ಖಾನೆ ಸಾಕು: ಹೆಸರು, ಏನು ಹೇಳಿದ, ತಾರೀಖು, ಉತ್ತರ. ಉತ್ತರದ ಖಾನೆ ಖಾಲಿ ಕಂಡ್ರ ಮಾಲೀಕರು ನಿಮಗ ಕೇಳಬೇಕು, ಕಾಮಗಾರಗ ಅಲ್ಲ.

ಎಚ್ಚರಿಕೆ: ಒಬ್ಬೊಬ್ಬರು ತಿಂಗಳಿಗೆ ಎರಡು ಸೂಚನಾ ಕೊಡಲೇಬೇಕು ಅಂತ ಟಾರ್ಗೆಟ್ ಹಾಕಬ್ಯಾಡ್ರಿ. ಕಡೀ ದಿನ ಎಲ್ಲರೂ "ಇಲ್ಲೊಂದು ಫ್ಯಾನ್ ಹಾಕ್ರಿ" ಅಂತ ಬರದ ಕೊಡ್ತಾರ. ಆದ್ರ ಒಂದು ಮಾತು, ಖರೇ ಫ್ಯಾನ್ ಬೇಕಾಗಿತ್ತು ಅಂದ್ರ ಮೊದಲ ಫ್ಯಾನ್ ಹಾಕ್ರಿ. ಮೇ ತಿಂಗಳು ಪತ್ರಾ ಶೆಡ್ ಕೆಳಗ ನಿಂತವಗ ಅದ ದೊಡ್ಡ ಸುಧಾರಣೆ.

6. ಮೊದಲನೇ ದೊಡ್ಡ ಕೆಲಸ: ಸೆಟ್ಟಿಂಗ್ ಟೈಮ್

ಬಹಳಷ್ಟು ಮಷಿನ್ ಶಾಪ್‌ಗ ಇದರಿಂದ ಲಗೂ ಫಲ ಕಾಣ್ತದ. ಸೆಟ್ಟಿಂಗ್ ಟೈಮ್ ಅಂದ್ರ ಒಂದು ಪಾರ್ಟ್‌ದ ಕಡೀ ಛಲೋ ಪೀಸ್ ಇಳದಾಗಿನಿಂದ ಮುಂದಿನ ಪಾರ್ಟ್‌ದ ಮೊದಲ ಛಲೋ ಪೀಸ್ ಬರೋ ತನಕ ಹೋಗೋ ಟೈಮ್. ಇದನ್ನ ಕಡಿಮಿ ಮಾಡೋ ಪದ್ಧತಿ ಕಟ್ಟಿದವರು ಜಪಾನಿ ಎಂಜಿನಿಯರ್ ಶಿಗೆಓ ಶಿಂಗೊ. 1969ರ ಸುಮಾರು ಟೊಯೋಟಾದ 1000 ಟನ್ ಪ್ರೆಸ್‌ದ ಸೆಟ್ಟಿಂಗ್ 4 ತಾಸು ಹಿಡೀತಿತ್ತು, ಅದನ್ನ ಮೊದಲ 90 ನಿಮಿಷಕ್ಕ, ಆಮ್ಯಾಲ 3 ನಿಮಿಷಕ್ಕ ತಂದ್ರು. ಅವರ ಸೂತ್ರ ಇಷ್ಟ: ಮಷಿನ್ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಮಷಿನ್ ಓಡ್ತಿದ್ದಾಗಲೇ ಮಾಡಿ ಇಡಬಹುದಾದ ಕೆಲಸ ಯಾವುದು, ಎರಡನ್ನೂ ಬ್ಯಾರೆ ಮಾಡ್ರಿ.

ಹೆಂಗ ಮಾಡೋದು ಅಂದ್ರ, ಸೆಟ್ಟರ್‌ನ ಒಪ್ಪಿಗಿ ತಗೊಂಡು ಒಂದು ಸೆಟ್ಟಿಂಗ್ ಪೂರ್ತಿ ವಿಡಿಯೋ ಮಾಡ್ರಿ. ಆಮ್ಯಾಲ ಅವನ್ನ ಕರಕೊಂಡು ಚಹಾ ತಗೊಂಡು ಕೂತು ಇಬ್ಬರೂ ನೋಡ್ರಿ, ಟೈಮ್ ಅವನೇ ಬರೀಲಿ. ನಾ ಒಂದು ವಿಎಂಸಿ (ಕಂಪ್ಯೂಟರ್ ಮ್ಯಾಲ ನಡಿಯೋ ಲೋಹ ಕತ್ತರಿಸೋ ಮಷಿನ್) ಮ್ಯಾಲ ಹಿಂಗ ನೋಡಿದಾಗ 52 ನಿಮಿಷ ಇತ್ತು. ಅದರಾಗ ಫಿಕ್ಸ್ಚರ್ (ಜಾಬ್ ಹಿಡಿಯೋ ಸಾಧನ) ಬಿಚ್ಚಿ-ಕಟ್ಟಿ ಆಫ್‌ಸೆಟ್ (ಜಾಬ್, ಟೂಲ್ ಎಲ್ಲಿ ಅದಾವ ಅನ್ನೋ ಅಳತಿ) ತಗೊಳ್ಳೋ ಖರೇ ಕೆಲಸ 22 ನಿಮಿಷ. ಟೂಲ್ ರೂಮ್‌ಗ ನಾಕು ಸಲ ಹೋಗಿ ಬಂದಿದ್ದು, ಅಲೆನ್ ಕೀ ಹುಡುಕಿದ್ದು, ಒಂದು ಬೋಲ್ಟ್‌ದ ಆಟೆ (ಥ್ರೆಡ್) ಹಾಳಾಗಿ ಇನ್ನೊಂದು ತಂದಿದ್ದು, ಎಲ್ಲಾ ಕೂಡಿ 16 ನಿಮಿಷ. ಮೊದಲ ಪೀಸ್ ಕ್ವಾಲಿಟಿ ರೂಮ್‌ದಾಗ ಇಟ್ಟು ಓಕೆ ಬರಲಿ ಅಂತ ಕಾದಿದ್ದು 14 ನಿಮಿಷ. ಆ ಸೆಟ್ಟರ್ ಕಡೀಕ ವಿಡಿಯೋ ನಿಲ್ಲಿಸಿ "ಸಾಹೇಬ್ರ, ನಾ ಇಷ್ಟು ನಡೀತೀನೇನ್ರಿ" ಅಂದ. ನಾವು ಮಾಡಿದ್ದು ಒಂದು ಟ್ರಾಲಿ: ಮುಂದಿನ ಪಾರ್ಟ್‌ದ ಫಿಕ್ಸ್ಚರ್, ಬೋಲ್ಟ್, ಅಲೆನ್ ಕೀ, ಟೂಲ್, ಗೇಜ್, ಡ್ರಾಯಿಂಗ್ ಎಲ್ಲಾ ಮೊದಲೇ ಜೋಡಿಸಿ ಮಷಿನ್ ಬಾಜೂಕ ತಂದು ನಿಲ್ಲಸೋದು. ಮತ್ತ ಸೆಟ್ಟಿಂಗ್ ಮುಗಿಯೋಕ ಹತ್ತು ನಿಮಿಷ ಮೊದಲೇ ಕ್ವಾಲಿಟಿಯವರಿಗೆ ಒಂದು ಫೋನ್. 30 ನಿಮಿಷಕ್ಕ ಬಂತು. ದಿನಕ್ಕ ಎರಡು ಸೆಟ್ಟಿಂಗ್, ತಿಂಗಳಿಗೆ 26 ದಿನ ಹಿಡದ್ರ 22 ನಿಮಿಷದ ಲೆಕ್ಕದಾಗ 1144 ನಿಮಿಷ, ಅಂದ್ರ 19 ತಾಸು ಮಷಿನ್ ಹೆಚ್ಚಿಗೆ ಓಡ್ತದ. ಖರ್ಚು ಒಂದು ಟ್ರಾಲಿ.

ಎಚ್ಚರಿಕೆ: ಆ ವಿಡಿಯೋ ಮಾಲೀಕರ ವಾಟ್ಸಾಪ್‌ಗ ಹೋಗಬಾರದು, ನೋಡಿದ ಮ್ಯಾಲ ಅವನ ಮುಂದೇ ಡಿಲೀಟ್ ಮಾಡ್ರಿ. ಹಳೇ ಸೆಟ್ಟರ್ ಮಂದಿ ತಮ್ಮ ಕೈಚಳಕ ಮುಚ್ಚಿಡ್ತಾರ ಅಂತ ದೂರ್ತಾರ ಭಾಳ ಮಂದಿ. ಅದ ಅವರ ಮರ್ಯಾದಿ, ಅದ ಅವರ ಪಗಾರ, ಯಾಕ ಮುಚ್ಚಿಡಬಾರದು? ಅವರನ್ನ ಕಲಸೋ ಗುರು ಅಂತ ಕೂಡಿಸಿ, ಅದಕ್ಕ ಪಗಾರದಾಗ ಏನಾದ್ರೂ ಹೆಚ್ಚು ಮಾಡಿದ್ರ ತಾವಾಗೇ ತೆರೀತಾರ.

7. ಕಾರಣ ಹುಡುಕೋವಾಗ ಮನುಷ್ಯಾನ ಮ್ಯಾಲ ನಿಲ್ಲಬ್ಯಾಡ್ರಿ

ಐದು ಸಲ ಯಾಕ ಅಂತ ಕೇಳೋ ಪದ್ಧತಿ ಎಲ್ಲರಿಗೂ ಗೊತ್ತು. ಬೋರ್ (ಜಾಬ್‌ದ ತೂತು) ಸೈಜ್ ಹೆಚ್ಚಾತು, ಯಾಕ? ಜಾಬ್ ಸರಿ ಕೂತಿಲ್ಲ. ಯಾಕ? ಫಿಕ್ಸ್ಚರ್ ಮ್ಯಾಲ ಚಿಪ್ಸ್ (ಲೋಹದ ಚೂರು) ಇತ್ತು. ಯಾಕ? ಆಪರೇಟರ್ ಏರ್ ಹೊಡೀಲಿಲ್ಲ. ಇಲ್ಲಿಗೆ ನಿಂತು "ಆಪರೇಟರ್‌ಗ ತಿಳುವಳಿಕಿ ಕೊಟ್ಟೀವಿ" ಅಂತ ಬರದ ಫೈಲ್ ಮುಚ್ಚತಾರ, ಮುಂದಿನ ತಿಂಗಳು ಅದ ರಿಜೆಕ್ಷನ್ ಮತ್ತ ಬರ್ತದ. ಇನ್ನೊಂದ್ಸಲ ಕೇಳ್ರಿ, ಯಾಕ ಏರ್ ಹೊಡೀಲಿಲ್ಲ? ಪೈಪ್ ಅಲ್ಲಿತನ ಮುಟ್ಟಂಗಿಲ್ಲ. ಯಾಕ? ಮಷಿನ್ ಸರಿಸಿದಾಗ ಏರ್ ಲೈನ್ ಹಳೇ ಜಾಗಾದಾಗೇ ಉಳೀತು. ಈಗ ಸಿಕ್ತು ನೋಡ್ರಿ ಕೆಲಸ.

ಆದಷ್ಟು ಪೋಕಾ-ಯೋಕೆ ಮಾಡ್ರಿ, ಅಂದ್ರ ತಪ್ಪು ಮಾಡಬೇಕಂದ್ರೂ ಆಗದಂಗ ವ್ಯವಸ್ಥಾ. ಜಾಬ್ ಉಲ್ಟಾ ಕೂಡದಂಗ ಫಿಕ್ಸ್ಚರ್‌ಗ ಒಂದು ಪಿನ್ ಹಾಕೋದು, ಅಷ್ಟ.

8. ಫಲ ನೋಡ್ರಿ, ಆಮ್ಯಾಲ ಗಟ್ಟಿ ಮಾಡ್ರಿ

ಪಿಡಿಸಿಎ ಅಂತ ಒಂದು ಚಕ್ರ ಅದ: ಪ್ಲಾನ್, ಡೂ, ಚೆಕ್, ಆಕ್ಟ್. ಅಮೆರಿಕಾದ ಅಂಕಿ-ಸಂಖ್ಯೆ ತಜ್ಞ ವಾಲ್ಟರ್ ಶೂಹಾರ್ಟ್ ಅವರ ವಿಚಾರದಿಂದ ಬೆಳೆದದ್ದು, 1950ರಾಗ ಅಲ್ಲಿನ ಇನ್ನೊಬ್ಬ ತಜ್ಞ ಡೆಮಿಂಗ್ ಅವರು ಜಪಾನ್‌ಕ್ಕ ಹೋಗಿ ಕಲಿಸಿದ್ರು, ಮರುವರ್ಷ ಅವರ ಹೆಸರ್ಲೆ ಜಪಾನ್‌ದಾಗ ಪ್ರಶಸ್ತಿನೂ ಶುರು ಆತು. ನಮ್ಮಲ್ಲಿ ಪ್ಲಾನ್-ಡೂ, ಪ್ಲಾನ್-ಡೂ ಅಷ್ಟ ನಡೀತದ, ಚೆಕ್ ಮಾಡೋರು ಇಲ್ಲ. ಮೂರನೇ ಹಂತದಾಗ ಬರದ ಅಂಕಿ ತೆಗದು ನಾಕು ವಾರದ ಅಂಕಿ ಬಾಜೂಕ ಇಡ್ರಿ. ಸುಧಾರಿಸಿಲ್ಲ ಅಂದ್ರ ಒಪ್ಪಿಕೊಂಡು ಹಳೇ ಪದ್ಧತಿಗೆ ಬರ್ರಿ, ಅದರಾಗ ತಪ್ಪೇನಿಲ್ಲ.

ಸುಧಾರಿಸಿದ್ರ ಒಂದು ಪುಟದಾಗ, ಫೋಟೋ ಹಾಕಿ, ಮರಾಠಿ-ಹಿಂದಿಯೊಳಗ ಬರದ ಮಷಿನ್‌ಗ ಹಚ್ಚರಿ. ಮತ್ತ ಒಂದ್ಸಲ ರಾತ್ರಿ ಪಾಳಿಗೆ ನೀವೇ ಹೋಗಿ ನೋಡ್ರಿ. ಹಗಲು ಪಾಳಿಯೊಳಗ ಟ್ರಾಲಿ ಸರಿ ಇರ್ತದ, ರಾತ್ರಿ ಟೂಲ್ ರೂಮ್ ಕೀಲಿ ಹಾಕಿರ್ತಾರ, ಟ್ರಾಲಿ ಖಾಲಿ ಇರ್ತದ, ಇದು ನಾ ಕಣ್ಣಾರೆ ಕಂಡಿದ್ದು.

ಎಚ್ಚರಿಕೆ: ಟೈಮ್ ಉಳಿದ ಮರುದಿನವೇ ಟಾರ್ಗೆಟ್ ಏರಿಸಬ್ಯಾಡ್ರಿ. ಕಮ್ಮಿ ಅಂದ್ರೂ ಮೂರು ತಿಂಗಳು ಬಿಡ್ರಿ, ಏರಸೋವಾಗ ತಂಡದ ಜೋಡಿ ಕೂತು ಏರಸ್ರಿ.

9. ಆಮ್ಯಾಲ ಹೊರಗಿನ ಸಹಾಯ

ಒಂದು ಲೈನ್ ಸುಧಾರಿಸಿ ಗಟ್ಟಿ ಆದ ಮ್ಯಾಲ ಸಲಹೆಗಾರರನ್ನ ಕರೀರಿ, ಮೊದಲೇ ಬ್ಯಾಡ. ಕೇಂದ್ರ ಸರ್ಕಾರದ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮಿ) ಖಾತೆದ್ದು ಎರಡು ಯೋಜನಾ ಅದಾವ. 2023ರ ಮಾರ್ಚ್‌ದಾಗ ಬಂದ ಲೀನ್ (ದಂಡ ಹೋಗೋದನ್ನ ಕಡಿಮಿ ಮಾಡೋ) ಯೋಜನಾದಾಗ ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಅಂತ ಮೂರು ಮಟ್ಟ, ಸಲಹೆಗಾರರ ಖರ್ಚಿನಾಗ ಶೇಕಡಾ 90 ಸರ್ಕಾರ ಕೊಡ್ತದ. ಝೆಡ್ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಸರ್ಟಿಫಿಕೇಶನ್‌ದಾಗ ಬ್ರಾಂಝ್, ಸಿಲ್ವರ್, ಗೋಲ್ಡ್, ಫೀ ಮ್ಯಾಲ ಮೈಕ್ರೋ ಕಂಪನಿಗೆ ಶೇಕಡಾ 80, ಸ್ಮಾಲ್‌ಗ 60, ಮೀಡಿಯಂಗ 50 ಸಬ್ಸಿಡಿ. ಎರಡಕ್ಕೂ ಉದ್ಯಮ್ ನೋಂದಣಿ (ಸಣ್ಣ ಉದ್ದಿಮಿಗೆ ಸರ್ಕಾರದ ನೋಂದಣಿ) ಬೇಕು. ಅರ್ಜಿ ಹಾಕೋ ದಿನ ಪೋರ್ಟಲ್ ಮ್ಯಾಲ ಈಗಿನ ನಿಯಮ ಒಮ್ಮೆ ಓದ್ಕೊಳ್ರಿ.

ಇನ್ನ ಎರಡು ಪ್ರಶ್ನೆ

ಬಹುಮಾನ ಎಷ್ಟು ಕೊಡಬೇಕು ಅಂತ ಕೇಳ್ತಾರ. ದೊಡ್ಡ ರೊಕ್ಕ ಒಬ್ಬಗ ಕೊಟ್ರ ಜಗಳ ಆಗ್ತದ, ಸಣ್ಣ ಮೊತ್ತ ಪೂರ್ತಿ ತಂಡಕ್ಕ ಕೊಡ್ರಿ, ಅದೂ ಲಗೂ ಕೊಡ್ರಿ. ಮಾಲೀಕರು ಮಷಿನ್ ಹತ್ರ ಬಂದು ಹೆಸರು ಹಿಡದು ಛಲೋ ಮಾಡಿದ್ರಿ ಅಂದ್ರ ಅದನ್ನ ಊರಿಗೆ ಫೋನ್ ಹಚ್ಚಿ ಹೇಳ್ಕೊಳ್ತಾರ.

ಎಷ್ಟು ದಿನದಾಗ ಫಲ ಅಂತ ಇನ್ನೊಂದು. ಸೆಟ್ಟಿಂಗ್ ಟೈಮ್‌ದಾಗ ಒಂದು ತಿಂಗಳಿಗೆ ಕಾಣ್ತದ. ಜನ ತಾವಾಗೇ ಬಂದು ಹೇಳೋಕ ಆರು ತಿಂಗಳಿಂದ ಒಂದು ವರ್ಷ ಹಿಡದೇ ಹಿಡೀತದ, ಹಿಂದ ಪೆಟ್ಟು ತಿಂದ ಜಾಗಾದಾಗ ಇನ್ನೂ ಹೆಚ್ಚು.

ನಿಮ್ಮ ಕಡೆ ಎಲ್ಲಿ ಸಿಕ್ಕಿಬಿದ್ದದ ಅಂತ ಕೇಳೋದಿದ್ರ ಮಷಿನ್ ಯಾವುದು, ಒಂದು ಶಿಫ್ಟ್‌ಗ ಎಷ್ಟು ಪೀಸ್, ಈಗಿನ ಸೆಟ್ಟಿಂಗ್ ಟೈಮ್ ಎಷ್ಟು, ಕಡೀ ಸೂಚನಾಕ್ಕ ಯಾವ ತಾರೀಖಿಗೆ ಉತ್ತರ ಕೊಟ್ಟೀರಿ, ಇಷ್ಟು ಬರದ ಕೇಳ್ರಿ. ಫೋಟೋ ಕಳಸೋವಾಗ ಕಸ್ಟಮರ್ ಡ್ರಾಯಿಂಗ್ ಕಾಣದಂಗ ನೋಡ್ಕೊಳ್ರಿ.